ಲ್ಯಾಂಗ್ಲಿಯ ವಿಮಾನ ರೈಟ್ ಸಹೋದರರಿಗಿಂತ ಮೊದಲೇ ಹಾರಬಲ್ಲದಾಗಿತ್ತೇ? 1914ರ ಪರೀಕ್ಷೆಯ ಅಸಲಿ ಕಥೆ

ವಿಮಾನ ಕಂಡುಹಿಡಿದವರು ರೈಟ್ ಸಹೋದರರಲ್ಲ ಎಂಬ ಫಾರ್ವರ್ಡ್ ನಮಗೆಲ್ಲ ಒಮ್ಮೆಯಾದರೂ ಬಂದಿರುತ್ತದೆ. ಅದರಲ್ಲಿರುವ ಹೆಸರು ಮಾತ್ರ ಬದಲಾಗುತ್ತಿರುತ್ತದೆ. ಆದರೆ ಇಂಥದೇ ಒಂದು ಮಾತನ್ನು ನೂರು ವರ್ಷದ ಹಿಂದೆ ಹರಡಿದ್ದು ಅಮೆರಿಕದ ಹೆಸರಾಂತ ವಿಜ್ಞಾನ ಸಂಸ್ಥೆ ಸ್ಮಿತ್‌ಸೋನಿಯನ್ ಎಂದರೆ ನಂಬುತ್ತೀರಾ? ಆ ಸಲದ ಹೆಸರು ಸ್ಯಾಮ್ಯುಯೆಲ್ ಲ್ಯಾಂಗ್ಲಿ.

1834ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿದ ಲ್ಯಾಂಗ್ಲಿ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಆದರೂ ಅಲೆಘೆನಿ ವೀಕ್ಷಣಾಲಯದ ಮುಖ್ಯಸ್ಥರಾದರು. ಅತಿ ಸಣ್ಣ ಪ್ರಮಾಣದ ಶಾಖವನ್ನೂ ಅಳೆಯುವ ಬೋಲೋಮೀಟರ್ ರೂಪಿಸಿದರು. ಇಂದು ನಾವು ಜಾಗತಿಕ ತಾಪಮಾನ ಏರಿಕೆ ಎನ್ನುತ್ತೇವಲ್ಲ, 1896ರಲ್ಲಿ ಅದರ ಮೊದಲ ಲೆಕ್ಕ ಹಾಕಿದ ಅರ್ಹೇನಿಯಸ್ ಬಳಸಿಕೊಂಡಿದ್ದು ಲ್ಯಾಂಗ್ಲಿಯ ಅಳತೆಗಳನ್ನೇ. 1887ರಲ್ಲಿ ಅವರು ಸ್ಮಿತ್‌ಸೋನಿಯನ್‌ನ ಮುಖ್ಯಸ್ಥರಾದರು.

ಹಾರಾಟ ಅವರ ಇನ್ನೊಂದು ಗೀಳು. ಮುಂದೊಂದು ಜೊತೆ, ಹಿಂದೊಂದು ಜೊತೆ ರೆಕ್ಕೆಯಿದ್ದ ಅವರ ಯಂತ್ರ ನೋಡಲು ಥೇಟ್ ನಮ್ಮ ಏರೋಪ್ಲೇನ್ ಚಿಟ್ಟೆ. ಅದಕ್ಕೆ ಅವರಿಟ್ಟ ಹೆಸರು ಏರೋಡ್ರೋಮ್ (ಈಗ ಆ ಪದಕ್ಕೆ ವಿಮಾನ ನಿಲ್ದಾಣ ಎಂಬ ಅರ್ಥ). 1896ರ ಮೇ 6ರಂದು ಉಗಿ ಎಂಜಿನ್ನಿನ, ಚಾಲಕನಿಲ್ಲದ ಮಾದರಿಯೊಂದು ಪೊಟೊಮ್ಯಾಕ್ ನದಿಯ ಮೇಲೆ ಸುಮಾರು ಒಂದು ಕಿಲೋಮೀಟರ್ ಹಾರಿತು. ಇದು ಪೂರ್ತಿ ನಿಜ. ಟೆಲಿಫೋನ್ ಖ್ಯಾತಿಯ ಗ್ರಹಾಂ ಬೆಲ್ ಅಲ್ಲೇ ನಿಂತು ಫೋಟೋ ತೆಗೆದಿದ್ದರು.

ಎಡವಿದ್ದು ಅದನ್ನೇ ದೊಡ್ಡದು ಮಾಡಲು ಹೋದಾಗ. ಯಾವುದೇ ವಸ್ತುವಿನ ಉದ್ದ, ಅಗಲ, ಎತ್ತರ ಎಲ್ಲವನ್ನೂ ಎರಡು ಪಟ್ಟು ಮಾಡಿದರೆ ರೆಕ್ಕೆಯ ಹರವು ನಾಲ್ಕು ಪಟ್ಟಾಗುತ್ತದೆ, ಭಾರ ಮಾತ್ರ ಎಂಟು ಪಟ್ಟು. ಹಾಗಾಗಿ ಚಿಕ್ಕದರಲ್ಲಿ ಗಟ್ಟಿಯಾಗಿದ್ದ ಚೌಕಟ್ಟು ದೊಡ್ಡದರಲ್ಲಿ ಬಳುಕುತ್ತದೆ. ಅಮೆರಿಕದ ಯುದ್ಧ ಇಲಾಖೆ 50,000 ಡಾಲರ್ ಕೊಟ್ಟಿತ್ತು. ಸಹಾಯಕ ಚಾರ್ಲ್ಸ್ ಮ್ಯಾನ್ಲಿ 52 ಅಶ್ವಶಕ್ತಿಯ ಅದ್ಭುತ ಪೆಟ್ರೋಲ್ ಎಂಜಿನ್ ಸಿದ್ಧಪಡಿಸಿ, ಚಾಲಕನ ಜಾಗದಲ್ಲಿ ತಾನೇ ಕೂತ. 1903ರ ಅಕ್ಟೋಬರ್ 7ರಂದು ದೋಣಿಮನೆಯ ಮೇಲಿಂದ ಚಿಮ್ಮಿಸಿದ ವಿಮಾನ ನೇರ ನೀರಿಗೆ ಬಿತ್ತು. ಡಿಸೆಂಬರ್ 8ರಂದು ಮತ್ತೆ ಅದೇ ಗತಿ; ಕೊರೆಯುವ ನೀರಿನಿಂದ ಮ್ಯಾನ್ಲಿ ಹೇಗೋ ಪಾರಾದ. ಒಂಬತ್ತೇ ದಿನಕ್ಕೆ, ಡಿಸೆಂಬರ್ 17ರಂದು, ರೈಟ್ ಸಹೋದರರು ಹಾರಿದರು. ಪತ್ರಿಕೆಗಳ ಗೇಲಿಗೆ ಗುರಿಯಾದ ಲ್ಯಾಂಗ್ಲಿ 1906ರಲ್ಲಿ ತೀರಿಕೊಂಡರು.

ಕಥೆಗೆ ತಿರುವು ಸಿಕ್ಕಿದ್ದು ಆಮೇಲೆ. ರೈಟ್‌ರ ವಿರುದ್ಧ ಪೇಟೆಂಟ್ ಮೊಕದ್ದಮೆ ಸೋತಿದ್ದ ಗ್ಲೆನ್ ಕರ್ಟಿಸ್ ಕೈಗೆ 1914ರಲ್ಲಿ ಸ್ಮಿತ್‌ಸೋನಿಯನ್ ಹಳೆಯ ಏರೋಡ್ರೋಮ್ ಕೊಟ್ಟಿತು. ಮರುನಿರ್ಮಿಸಿ ಹಾರಿಸಬೇಕಿತ್ತು. ಲ್ಯಾಂಗ್ಲಿಯ ವಿಮಾನ ಹಾರಬಲ್ಲದಾಗಿತ್ತು ಎಂದಾದರೆ ರೈಟ್‌ರ ಪೇಟೆಂಟ್‌ನ ಬಲ ಕುಗ್ಗುತ್ತಿತ್ತು. ಅಂದರೆ ಪರೀಕ್ಷೆ ಬರೆಯುವವರೇ ಫಲಿತಾಂಶದ ಫಲಾನುಭವಿ! ಮೇ 28ರಂದು ಕ್ಯೂಕಾ ಸರೋವರದಲ್ಲಿ ಅದು ಕೆಲವೇ ಸೆಕೆಂಡು ನೀರು ಬಿಟ್ಟು ಮೇಲೆದ್ದಿತು. ಅಷ್ಟಕ್ಕೇ ಮ್ಯೂಸಿಯಂನಲ್ಲಿ ಫಲಕ ಬಿತ್ತು: ಮನುಷ್ಯನನ್ನು ಹೊತ್ತು ಹಾರಬಲ್ಲ ಮೊದಲ ವಿಮಾನ ಇದೇ.

ಫಲಕದಲ್ಲಿ ಇಲ್ಲದ ವಿಷಯವೆಂದರೆ, ಕರ್ಟಿಸ್ ರೆಕ್ಕೆಯ ಬಾಗು ಬದಲಿಸಿದ್ದರು. ರೆಕ್ಕೆಗೆ ಆಧಾರವಾದ ಕಂಬ, ತಂತಿಗಳ ಜೋಡಣೆ ಬದಲಿಸಿದ್ದರು. ಪ್ರೊಪೆಲ್ಲರ್ ಮಾರ್ಪಡಿಸಿ, ತೇಲುವ ದೋಣಿಗಳನ್ನು ಕಟ್ಟಿದ್ದರು. 1903ರಿಂದ ಹನ್ನೊಂದು ವರ್ಷದಲ್ಲಿ ಜಗತ್ತು ಕಲಿತದ್ದನ್ನು ಸೇರಿಸಿ ಹಾರಿಸಿದ ಯಂತ್ರ ಅದು. 1914ರಲ್ಲಿ ಏನು ಸಾಧ್ಯವಿತ್ತು ಎಂಬುದನ್ನಷ್ಟೇ ಅದು ತೋರಿಸಬಲ್ಲದು. ಹಳೆಯ ವಿಮಾನಗಳ ಪ್ರತಿಕೃತಿ ಹಾರಿದ ವಿಡಿಯೋ ಬಂದಾಗ ನಾವು ಮೊದಲು ಹುಡುಕುವುದೂ ಇದನ್ನೇ: ಎಂಜಿನ್ ಯಾವ ಕಾಲದ್ದು, ರೆಕ್ಕೆ ಯಾರು ತಿದ್ದಿದ್ದು?

ನೊಂದ ಆರ್ವಿಲ್ ರೈಟ್ 1928ರಲ್ಲಿ ತಮ್ಮ ವಿಮಾನವನ್ನು ಲಂಡನ್ನಿನ ಸೈನ್ಸ್ ಮ್ಯೂಸಿಯಂಗೆ ಕಳಿಸಿಬಿಟ್ಟರು. ಸ್ಮಿತ್‌ಸೋನಿಯನ್ ಈ ಬದಲಾವಣೆಗಳ ಪಟ್ಟಿ ಪ್ರಕಟಿಸಿ ತಪ್ಪೊಪ್ಪಿಕೊಂಡಿದ್ದು 1942ರಲ್ಲಿ. ವಿಮಾನ ಅಮೆರಿಕಕ್ಕೆ ಮರಳಿ ಪ್ರದರ್ಶನಕ್ಕೆ ನಿಂತಾಗ 1948ರ ಡಿಸೆಂಬರ್ 17. ಆರ್ವಿಲ್ ಅದೇ ಜನವರಿಯಲ್ಲಿ ಕಣ್ಮುಚ್ಚಿದ್ದರು. ಲ್ಯಾಂಗ್ಲಿಯ ಏರೋಡ್ರೋಮ್ ಈಗ ವರ್ಜೀನಿಯಾದ ಉಡ್ವಾರ್-ಹೇಜಿ ಕೇಂದ್ರದಲ್ಲಿದೆ, 1903ರಲ್ಲಿ ಇದ್ದ ರೂಪದಲ್ಲೇ.