ರೂಬಾರ್ಬ್ ಹೊಲದ ಬೆರಿಲ್: ಸಂಬಳ ಇಲ್ಲದೆ ಏಳು ಸಲ ವಿಶ್ವ ಚಾಂಪಿಯನ್

ಹಳೇ ಕಪ್ಪು-ಬಿಳುಪು ಫೋಟೊಗಳಲ್ಲಿ ಸೈಕ್ಲಿಂಗ್ ವಿಶ್ವ ಚಾಂಪಿಯನ್ನರ ಜೆರ್ಸಿ ನೋಡಿದರೆ ಬೂದು ಪಟ್ಟಿಗಳಿರುವ ಸಾದಾ ಬನಿಯನ್ ಥರ ಕಾಣುತ್ತದೆ. ನಿಜಕ್ಕೂ ಅದು ಬಿಳಿ ಅಂಗಿ, ಎದೆಯ ಮೇಲೆ ನೀಲಿ, ಕೆಂಪು, ಕಪ್ಪು, ಹಳದಿ, ಹಸಿರು ಹೀಗೆ ಐದು ಪಟ್ಟಿ. ಸೈಕಲ್ ತುಳಿಯುವವರಿಗೆ ಅದಕ್ಕಿಂತ ದೊಡ್ಡ ಅಂಗಿ ಇಲ್ಲ. 1959ರಿಂದ 1967ರ ನಡುವೆ ಇಂಗ್ಲೆಂಡಿನ ಒಬ್ಬ ಹೆಣ್ಣುಮಗಳು ಅದನ್ನು ಏಳು ಸಲ ಗೆದ್ದರು. ಹೆಸರು ಬೆರಿಲ್ ಬರ್ಟನ್. ವಾರವೆಲ್ಲ ಹೊಲದ ಕೂಲಿ, ಮನೆಯಲ್ಲಿ ಮಗಳು, ಅಡುಗೆ. ರಜೆ ದಿನ ರೇಸ್.

ನಮ್ಮ ವಿಜಯಪುರ, ಬಾಗಲಕೋಟೆ, ಜಮಖಂಡಿ ಕಡೆಯವರಿಗೆ ಸೈಕ್ಲಿಂಗ್ ಅಂದ್ರೆ ಏನು ಅಂತ ಹೇಳಿಕೊಡಬೇಕಿಲ್ಲ. ರಾಷ್ಟ್ರಮಟ್ಟದ ಪದಕ ತಂದ ಹುಡುಗಿಯರು ಇಲ್ಲೇ ಇದ್ದಾರೆ. ಆದ್ರೆ ಬೆರಿಲ್ ಹೆಸರು ನಮ್ಮಲ್ಲಿ ಕೇಳಿಬರೋದು ಕಡಿಮೆ. ಅದಕ್ಕೇ ಈ ಬರಹ.

ಬೆರಿಲ್ ಹುಟ್ಟಿದ್ದು 1937ರ ಮೇ 12ರಂದು, ಯಾರ್ಕ್‌ಷೈರ್‌ನ ಲೀಡ್ಸ್ ನಗರದಲ್ಲಿ. ಬಾಲ್ಯದಲ್ಲಿ ಆಟ-ಓಟದ ಸುದ್ದಿಯೇ ಇರಲಿಲ್ಲ. ಆಗ ಅಲ್ಲಿ 11ನೇ ವಯಸ್ಸಿಗೆ ಒಂದು ಪರೀಕ್ಷೆ ಇತ್ತು. ಪಾಸಾದರೆ ಒಳ್ಳೆ ಶಾಲೆ, ಇಲ್ಲದಿದ್ದರೆ ಇಲ್ಲ. ಬೆರಿಲ್ ಫೇಲಾದರು. ಅದೇ ಹೊತ್ತಿಗೆ ರುಮ್ಯಾಟಿಕ್ ಜ್ವರ ಬಂತು. ಒಂಬತ್ತು ತಿಂಗಳು ಆಸ್ಪತ್ರೆ, ಆಮೇಲೆ 15 ತಿಂಗಳು ಸೌತ್‌ಪೋರ್ಟ್‌ನ ಆರೈಕೆ ಮನೆ. ಅಪ್ಪ-ಅಮ್ಮನಿಂದ ದೂರ, ಹಾಸಿಗೆ ಮೇಲೆ ಎರಡು ವರ್ಷ. ಹೃದಯದ ಬಡಿತ ಸರಿ ಇಲ್ಲ, ಶ್ರಮದ ಕೆಲಸ ಮಾಡಬೇಡ ಅಂತ ಡಾಕ್ಟರು ಎಚ್ಚರಿಕೆ ಕೊಟ್ಟು ಮನೆಗೆ ಕಳಿಸಿದರು. ಆ ಎಚ್ಚರಿಕೆಯನ್ನ ಈ ಹುಡುಗಿ ಎಷ್ಟರ ಮಟ್ಟಿಗೆ ಪಾಲಿಸಿದಳು ಅನ್ನೋದು ಮುಂದೆ ಗೊತ್ತಾಗುತ್ತೆ.

ಶಾಲೆ ಬಿಟ್ಟು ಬಟ್ಟೆ ಕಾರ್ಖಾನೆ ಸೇರಿದಾಗ ಅಲ್ಲಿ ಸಿಕ್ಕವರು ಚಾರ್ಲಿ ಬರ್ಟನ್. ಆತ ಸೈಕಲ್ ಕ್ಲಬ್ಬಿನವ. ಬೆರಿಲ್‌ಗೂ ಸೈಕಲ್ ಹುಚ್ಚು ಹತ್ತಿಸಿದ. 1955ರಲ್ಲಿ ಮದುವೆ, ಮರುವರ್ಷ ಮಗಳು ಡೆನಿಸ್ ಹುಟ್ಟಿದಳು. ಮೊದಲ ವರ್ಷ ಕ್ಲಬ್ಬಿನವರ ಜೊತೆ ಹೋಗುವಾಗ ಏರು ಬಂದರೆ ಬೆನ್ನಿಗೆ ಕೈಕೊಟ್ಟು ತಳ್ಳಬೇಕಿತ್ತಂತೆ. ಎರಡನೇ ವರ್ಷ ಗಂಡಸರ ಜೊತೆ ಸರಿಸಮ. ಮೂರನೇ ವರ್ಷಕ್ಕೆ ಬೆರಿಲ್ ಮುಂದೆ, ಉಳಿದವರು ಹಿಂದೆ. ಇದನ್ನು ಅರ್ಥ ಮಾಡಿಕೊಂಡ ಚಾರ್ಲಿ ತನ್ನ ರೇಸಿಂಗ್ ಪಕ್ಕಕ್ಕಿಟ್ಟು ಹೆಂಡತಿಗೆ ಮೆಕ್ಯಾನಿಕ್ಕಾಗಿ, ಡ್ರೈವರಾಗಿ, ರೇಸಿನ ದಿನ ಮಗಳನ್ನ ನೋಡಿಕೊಳ್ಳುವವನಾಗಿ ನಿಂತುಬಿಟ್ಟ. 1950ರ ದಶಕದಲ್ಲಿ ಹೀಗೆ ಮಾಡಿದ ಗಂಡಂದಿರು ಎಷ್ಟು ಮಂದಿ ಸಿಕ್ಕಾರು? ಈ ಮನುಷ್ಯನ ಬಗ್ಗೆ ಬೇರೆ ಲೇಖನವೇ ಬರೆಯಬೇಕು.

ಬ್ರಿಟನ್ನಿನ ಸೈಕಲ್ ರೇಸ್ ಬೇರೆ ಥರದ್ದು. ಗುಂಪಾಗಿ ಓಡಿಸಿದರೆ ಪೊಲೀಸರು ತಡೀತಾರೆ ಅನ್ನೋ ಭಯದಿಂದ ಹಿಂದಿನವರು ಟೈಮ್ ಟ್ರಯಲ್ ಪದ್ಧತಿ ತಂದರು. ನಸುಕಿನಲ್ಲಿ, ಒಂದೊಂದು ನಿಮಿಷ ಬಿಟ್ಟು ಒಬ್ಬೊಬ್ಬರೇ ಹೊರಡಬೇಕು. ರಸ್ತೆ ಯಾವುದು ಅಂತ ಹೊರಗಿನವರಿಗೆ ತಿಳಿಯದಂತೆ ಹೆಸರಿನ ಬದಲು ಅಕ್ಷರ-ಅಂಕಿಯ ಗುರುತು. ಮುಂದಿನವರ ಹಿಂದೆ ಗಾಳಿ ತಪ್ಪಿಸಿಕೊಂಡು ಹೋಗೋ ಹಾಗಿಲ್ಲ. ನೀನು, ರಸ್ತೆ, ಗಡಿಯಾರ, ಅಷ್ಟೇ. ಬೆರಿಲ್‌ಗೆ ಇದು ಹೇಳಿ ಮಾಡಿಸಿದ ಹಾಗಿತ್ತು. 25, 50, 100 ಮೈಲಿಗಳ ಸರಾಸರಿ ವೇಗ ನೋಡಿ ವರ್ಷದ ಅತ್ಯುತ್ತಮ ಸವಾರಳನ್ನ ಆರಿಸುತ್ತಿದ್ದರು. 1959ರಲ್ಲಿ ಅದನ್ನು ಗೆದ್ದ ಬೆರಿಲ್ 1983ರವರೆಗೆ ಯಾರಿಗೂ ಬಿಟ್ಟುಕೊಡಲಿಲ್ಲ. ಸತತ 25 ವರ್ಷ!

1963ರಲ್ಲಿ 25 ಮೈಲಿಯನ್ನು ಒಂದು ಗಂಟೆಯೊಳಗೆ ಮುಗಿಸಿದ ಮೊದಲ ಮಹಿಳೆ ಆದರು. 1968ರಲ್ಲಿ 100 ಮೈಲಿ ನಾಲ್ಕು ಗಂಟೆಯೊಳಗೆ. ದೇಶದೊಳಗಿನ ಚಾಂಪಿಯನ್‌ಶಿಪ್‌ಗಳ ಲೆಕ್ಕ 96. ಟ್ರ್ಯಾಕ್ ಮೇಲಿನ ಪರ್ಸ್ಯೂಟ್‌ನಲ್ಲಿ ಐದು, ರಸ್ತೆ ಓಟದಲ್ಲಿ ಎರಡು ವಿಶ್ವ ಚಿನ್ನ.

ಇಷ್ಟೆಲ್ಲ ಮಾಡುವಾಗ ಹೊಟ್ಟೆಪಾಡು? ಮಾರ್ಲಿ ಊರಿನಲ್ಲಿ ಕ್ಲಬ್ಬಿನ ಗೆಳೆಯ ನಿಮ್ ಕಾರ್ಲೈನ್ ಅವರ ರೂಬಾರ್ಬ್ ಹೊಲದಲ್ಲಿ ಕೆಲಸ. ರೂಬಾರ್ಬ್ ಅಂದ್ರೆ ಕೆಂಪು ದಂಟಿನ, ನಮ್ಮ ಪುಂಡಿಪಲ್ಯದಷ್ಟೇ ಹುಳಿ ಇರೋ ಬೆಳೆ. ಚಳಿಗಾಲದಲ್ಲಿ ಅದರ ದಪ್ಪ ಬೇರಿನ ಗಡ್ಡೆಗಳನ್ನ ಅಗೆದು ಎತ್ತಿ ಕತ್ತಲೆ ಶೆಡ್ಡಿಗೆ ಸಾಗಿಸಬೇಕು. ಸೊಂಟ ಮುರಿಯೋ ಕೆಲಸ. ಕಾರ್ಲೈನ್ ತಾನೂ ದೂರದ ರೇಸುಗಳ ಚಾಂಪಿಯನ್, ಹಾಗಾಗಿ ಕೂಲಿಯ ಜೊತೆ ಪೈಪೋಟಿಯೂ ಇತ್ತು. ಇವತ್ತಿನ ಜಿಮ್‌ನಲ್ಲಿ ಸಿಗದ ತಾಕತ್ತು ಬೆರಿಲ್‌ಗೆ ಆ ಮಣ್ಣಿನಲ್ಲಿ ಸಿಕ್ಕಿತು ಅಂತ ನನಗನ್ನಿಸುತ್ತೆ. 1960ರಲ್ಲಿ ರ‍್ಯಾಲಿ ಸೈಕಲ್ ಕಂಪನಿ ದುಡ್ಡು ಕೊಡ್ತೀವಿ, ವೃತ್ತಿಪರರಾಗಿ ಬನ್ನಿ ಅಂತ ಕರೆಯಿತು. ಬೆರಿಲ್ ಬೇಡ ಅಂದರು. ದುಡ್ಡು ತಗೊಂಡರೆ ಹವ್ಯಾಸಿ ರೇಸುಗಳಿಗೆ ಬಾಗಿಲು ಮುಚ್ಚುತ್ತಿತ್ತು. ವಿದೇಶಕ್ಕೆ ಹೋಗೋ ಖರ್ಚಿನ ಬಹುಪಾಲು ಮನೆಯದೇ. ನಾವು ಹವ್ಯಾಸಿ ಅಂದ ತಕ್ಷಣ ಹೊತ್ತು ಕಳೆಯಲು ಮಾಡೋದು ಅಂದುಕೊಳ್ಳುತ್ತೇವಲ್ಲ, ಆ ಪದ ಇವರಿಗೆ ಹೊಂದೋದೇ ಇಲ್ಲ.

ಇನ್ನು ಎಲ್ಲರೂ ಹೇಳುವ ಆ ದಿನ. 1967ರ ಸೆಪ್ಟೆಂಬರ್ 17. ಯಾರ್ಕ್‌ಷೈರ್‌ನ ಒಟ್ಲಿ ಕ್ಲಬ್ ನಡೆಸಿದ 12 ಗಂಟೆಯ ಟೈಮ್ ಟ್ರಯಲ್. ಇಲ್ಲಿ ದೂರ ಗೊತ್ತುಮಾಡಿರೋದಿಲ್ಲ, 12 ಗಂಟೆಯಲ್ಲಿ ಯಾರು ಎಷ್ಟು ದೂರ ಹೋಗ್ತಾರೆ ಅನ್ನೋದೇ ಪಂದ್ಯ. ಕೆಲವೇ ವಾರಗಳ ಹಿಂದೆ ನೆದರ್‌ಲೆಂಡ್ಸ್‌ನ ಹೀರ್ಲೆನ್‌ನಲ್ಲಿ ರಸ್ತೆ ಓಟದ ವಿಶ್ವ ಪಟ್ಟ ಗೆದ್ದು ಬಂದಿದ್ದ ಬೆರಿಲ್ ಗಂಡಸರೆಲ್ಲ ಹೊರಟ ಮೇಲೆ ಹೊರಟರು. ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತಾ ಹೋದರು. ಕೊನೆಗೆ ಉಳಿದವರು ಮೈಕ್ ಮೆಕ್‌ನಮಾರಾ. ಆತನೂ ಆ ದಿನ ಸುಮ್ಮನೆ ತುಳಿಯುತ್ತಿರಲಿಲ್ಲ, ಗಂಡಸರ ಬ್ರಿಟಿಷ್ ದಾಖಲೆ ಮುರಿಯುವ ವೇಗದಲ್ಲಿದ್ದ. ಹತ್ತಾರು ತಾಸು ತುಳಿದ ಮೇಲೆ ಬೆರಿಲ್ ಆತನ ಪಕ್ಕಕ್ಕೆ ಬಂದರು. ಏನು ಹೇಳೋದು ಅಂತ ತೋಚಲಿಲ್ಲ. ಜೇಬಿಗೆ ಕೈಹಾಕಿ ಜ್ಯೇಷ್ಠಮಧುವಿನ ಒಂದು ಬಣ್ಣದ ಮಿಠಾಯಿ ತೆಗೆದು ಕೊಟ್ಟರು. ಆತ ತಗೊಂಡು ಬಾಯಿಗೆ ಹಾಕಿಕೊಂಡ. ಬೆರಿಲ್ ಮುಂದೆ ಹೋದರು.

ಮೆಕ್‌ನಮಾರಾ 276.52 ಮೈಲಿ ಹೋಗಿ ಗಂಡಸರ ಹೊಸ ದಾಖಲೆ ಬರೆದ. ಬೆರಿಲ್ ಹೋಗಿದ್ದು 277.25 ಮೈಲಿ. ನಮ್ಮ ಲೆಕ್ಕದಲ್ಲಿ 446 ಕಿ.ಮೀ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಿ, ಅಲ್ಲಿಂದ ಇನ್ನೂ ಮುಂದೆ ತುಳಿದ ಹಾಗೆ, ಅದೂ ಸೂರ್ಯ ಹುಟ್ಟಿ ಮುಳುಗೋದರೊಳಗೆ. 1969ರವರೆಗೆ ಗಂಡಸರ ದಾಖಲೆ ಹೆಂಗಸಿನ ದಾಖಲೆಗಿಂತ ಕಡಿಮೆ ಇತ್ತು. ಮಹಿಳೆಯರ ದಾಖಲೆಯಂತೂ ಮುರಿದಿದ್ದು 2017ರಲ್ಲಿ, ಬರೋಬ್ಬರಿ 50 ವರ್ಷದ ನಂತರ.

ಆದರೆ ಒಲಿಂಪಿಕ್ಸ್ ಪದಕಗಳ ಪಟ್ಟಿಯಲ್ಲಿ ಬೆರಿಲ್ ಹೆಸರು ಹುಡುಕಬೇಡಿ, ಸಿಗಲ್ಲ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಸೈಕ್ಲಿಂಗ್ ಬಂದಿದ್ದೇ 1984ರಲ್ಲಿ. ಆಗ ಬೆರಿಲ್‌ಗೆ 47 ವರ್ಷ. ಅವರ ಮುಖ್ಯ ಸ್ಪರ್ಧೆ ಪರ್ಸ್ಯೂಟ್ ಅಂತೂ 1992ರಲ್ಲಿ ಸೇರಿತು. ಸರ್ಕಾರ ಎಂಬಿಇ, ಒಬಿಇ ಬಿರುದು ಕೊಟ್ಟಿತು, ಸರಿ. ಆದರೆ ಓಡೋಕೆ ಅವಕಾಶವೇ ಸಿಗದ ರೇಸಿಗೆ ಬಿರುದು ಸಮ ಆಗುತ್ತಾ?

ಎಲ್ಲವೂ ಸಿಹಿ ಮಿಠಾಯಿಯ ಕಥೆಯಲ್ಲ. ಮಗಳು ಡೆನಿಸ್ ಕೂಡ ದೊಡ್ಡ ಸವಾರಳಾದಳು. 1976ರ ರಾಷ್ಟ್ರೀಯ ರಸ್ತೆ ಓಟದಲ್ಲಿ ತಾಯಿ-ಮಗಳು ಕೊನೆಯ ಗೆರೆಗೆ ಜೊತೆಯಾಗಿ ನುಗ್ಗಿದರು. ಗೆದ್ದವಳು ಮಗಳು. ಪದಕ ಕೊಡುವ ಕಟ್ಟೆಯ ಮೇಲೆ ತಾಯಿ ಮಗಳ ಕೈ ಕುಲುಕಲಿಲ್ಲ. ದಾರಿಯಲ್ಲಿ ಮುಂದೆ ನಿಂತು ಗಾಳಿ ಸೀಳುವ ಕೆಲಸದಲ್ಲಿ ಮಗಳು ತನ್ನ ಪಾಲು ಮಾಡಲಿಲ್ಲ ಅನ್ನೋದು ಬೆರಿಲ್ ತಕರಾರು. ಊರೆಲ್ಲ ಮಾತಾಡಿತು. ಇದನ್ನ ನಾನು ಸಮರ್ಥಿಸಲ್ಲ, ಹೆತ್ತ ತಾಯಿ ಹಾಗೆ ಮಾಡಬಾರದಿತ್ತು. ಆದರೆ ಮಗಳು ಅಂತ ಒಂದು ಇಂಚು ಬಿಡುವವರಾಗಿದ್ದರೆ ಆಕೆ 25 ವರ್ಷ ಗೆಲ್ಲುತ್ತಿದ್ದರಾ? 1982ರಲ್ಲಿ ಇದೇ ತಾಯಿ-ಮಗಳು ಇಬ್ಬರು ತುಳಿಯುವ ಟ್ಯಾಂಡೆಮ್ ಸೈಕಲ್ ಮೇಲೆ ಒಟ್ಟಿಗೆ ಕೂತು 10 ಮೈಲಿಯ ದಾಖಲೆ ಮಾಡಿದರು.

ವಯಸ್ಸಾದರೂ ಬೆರಿಲ್ ನಿಲ್ಲಲಿಲ್ಲ. ಸೋಲೋದು ಶುರುವಾದ ಮೇಲೂ ರೇಸಿಗೆ ಹೆಸರು ಕೊಡೋದು ಬಿಡಲಿಲ್ಲ. 1996ರ ಮೇ 5ರಂದು, 59ನೇ ಹುಟ್ಟುಹಬ್ಬಕ್ಕೆ ಒಂದು ವಾರ ಇರುವಾಗ, ಹಬ್ಬಕ್ಕೆ ಬನ್ನಿ ಅಂತ ಗೆಳೆಯರಿಗೆ ಕರೆ ಕಾರ್ಡು ಹಂಚಲು ಸೈಕಲ್ ಹತ್ತಿ ಹೊರಟರು. ದಾರಿಯಲ್ಲೇ ಹೃದಯ ನಿಂತಿತು. ಮಾರ್ಲಿಯಲ್ಲಿ ಈಗ ಅವರ ಹೆಸರಿನ ಪುಟ್ಟ ತೋಟ ಇದೆ, ಗೋಡೆ ಮೇಲೆ ದೊಡ್ಡದಾಗಿ ಅವರ ಚಿತ್ರ ಬರೆದಿದ್ದಾರೆ.