ವೈದ್ಯವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾಯರು

ಕೆಲವು ಮಹನೀಯರ ಹೆಸರನ್ನು ಅರಿಯದೆಯೇ ಲೋಕವು ಅವರ ಉಪಕಾರವನ್ನು ಅನುಭವಿಸುತ್ತಿರುತ್ತದೆ. ರಕ್ತದ ಕ್ಯಾನ್ಸರಿಗೆ ತುತ್ತಾದ ಎಳೆಯ ಮಕ್ಕಳಿಗೆ ಮೊದಲ ಬಾರಿಗೆ ಬದುಕಿನ ಆಸೆಯನ್ನು ತಂದ ಔಷಧದ ಹಿಂದೆ ನಮ್ಮ ದೇಶದವರೊಬ್ಬರ ದುಡಿಮೆಯಿದೆ. ಅವರೇ ವಿಜ್ಞಾನಲೋಕದಲ್ಲಿ ಪ್ರಸಿದ್ಧರಾದ ಯಲ್ಲಾಪ್ರಗಡ ಸುಬ್ಬರಾಯರು.

ಸುಬ್ಬರಾಯರು ೧೮೯೫ನೆಯ ಇಸವಿ ಜನವರಿ ೧೨ರಂದು ಗೋದಾವರೀ ಸೀಮೆಯ ಭೀಮವರದಲ್ಲಿ ಜನಿಸಿದರು. ಆ ಪ್ರಾಂತವು ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದಿತು. ತಂದೆ ಜಗನ್ನಾಥಂ ಅವರು ಕಂದಾಯ ಇಲಾಖೆಯ ನೌಕರರು, ತಾಯಿ ವೆಂಕಮ್ಮನವರು. ತಂದೆಯವರು ಅನಾರೋಗ್ಯದ ನಿಮಿತ್ತ ಕೆಲಸವನ್ನು ಬಿಡಬೇಕಾಗಿ ಬಂದುದರಿಂದ ಮನೆಯಲ್ಲಿ ಬಡತನವು ನೆಲೆಸಿತು. ಹದಿಮೂರನೆಯ ವಯಸ್ಸಿನಲ್ಲಿ ಬಾಲಕ ಸುಬ್ಬರಾಯನು, ಕಾಶಿಯಲ್ಲಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸಬೇಕೆಂದು ಮನೆಬಿಟ್ಟು ಹೊರಟನು. ಆದರೆ ಅವನನ್ನು ಹಿಂದಕ್ಕೆ ಕರೆತಂದು ಪುನಃ ಶಾಲೆಗೆ ಸೇರಿಸಲಾಯಿತು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಬಾರಿ ಸೋತ ಈ ಹುಡುಗನು ಮೂರನೆಯ ಸಲ ಮದರಾಸಿನ ಹಿಂದೂ ಹೈಸ್ಕೂಲಿನಿಂದ ತೇರ್ಗಡೆ ಹೊಂದಿದನು.

ಅನಂತರ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಸುಬ್ಬರಾಯರು ಮದರಾಸಿನ ವೈದ್ಯಕೀಯ ಕಾಲೇಜನ್ನು ಸೇರಿದರು. ಅವರ ಒಡಹುಟ್ಟಿದವರಿಬ್ಬರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ರೋಗದಿಂದ ತೀರಿಕೊಂಡರು. ತಿಂದ ಅನ್ನವು ಮೈಗೆ ಹತ್ತದೆ, ರಕ್ತವು ಕ್ಷೀಣಿಸುತ್ತಾ ಹೋಗುವ ಆ ರೋಗಕ್ಕೆ ಆ ಕಾಲದಲ್ಲಿ ತಕ್ಕ ಔಷಧವಿರಲಿಲ್ಲ. ಈ ದುಃಖವು ಅವರ ಮನಸ್ಸಿನಲ್ಲಿ ಆಳವಾಗಿ ನಾಟಿತು.

ಗಾಂಧೀಜಿಯವರ ಕರೆಗೆ ಓಗೊಟ್ಟು ಸುಬ್ಬರಾಯರು ಶಸ್ತ್ರಚಿಕಿತ್ಸೆಯ ತರಗತಿಗೂ ಖಾದಿಯನ್ನೇ ಧರಿಸಿ ಹೋಗುತ್ತಿದ್ದರು. ಇದರಿಂದ ಅವರ ಆಂಗ್ಲ ಪ್ರಾಧ್ಯಾಪಕರಿಗೆ ಅಸಮಾಧಾನವುಂಟಾಯಿತು. ಪರಿಣಾಮವಾಗಿ ಅವರಿಗೆ ಎಂ.ಬಿ.ಬಿ.ಎಸ್. ಪದವಿಗೆ ಬದಲಾಗಿ ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪದವಿಯಷ್ಟೇ ದೊರೆಯಿತು. ಅವರು ಎದೆಗುಂದಲಿಲ್ಲ. ಕೆಲಕಾಲ ಮದರಾಸಿನ ಆಯುರ್ವೇದ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು, ಬಳಿಕ ಮಾವನವರ ಮತ್ತು ಧರ್ಮಸಂಸ್ಥೆಯೊಂದರ ನೆರವಿನಿಂದ ಅಮೆರಿಕೆಯ ಬಾಸ್ಟನ್ ನಗರಕ್ಕೆ ತೆರಳಿದರು. ಪತ್ನಿ ಶೇಷಗಿರಿಯವರು ತಾಯ್ನಾಡಿನಲ್ಲಿಯೇ ಉಳಿದರು. ಅನಂತರ ಜನಿಸಿದ ಮಗನು ಶೈಶವದಲ್ಲಿಯೇ ತೀರಿಕೊಂಡನು. ತಂದೆಯು ಆ ಮಗುವಿನ ಮುಖವನ್ನು ಕಾಣಲೇ ಇಲ್ಲ.

ಬಾಸ್ಟನ್ನಿನಲ್ಲಿ ಹೊಟ್ಟೆಪಾಡಿಗಾಗಿ ಈ ವೈದ್ಯರು ಆಸ್ಪತ್ರೆಯೊಂದರಲ್ಲಿ ರಾತ್ರಿಯ ವೇಳೆ ರೋಗಿಗಳ ಮಲಮೂತ್ರಪಾತ್ರೆಗಳನ್ನು ತೊಳೆಯುವ ಕೆಲಸವನ್ನು ಮಾಡಿದರು. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಸೈರಸ್ ಫಿಸ್ಕ್ ಎಂಬ ವಿಜ್ಞಾನಿಯೊಡಗೂಡಿ, ರಕ್ತ ಮತ್ತು ಮೂತ್ರದಲ್ಲಿರುವ ರಂಜಕವನ್ನು ಅಳೆಯುವ ವಿಧಾನವನ್ನು ೧೯೨೫ರಲ್ಲಿ ಪ್ರಕಟಿಸಿದರು. ಸ್ನಾಯುಗಳಿಗೆ ಶಕ್ತಿಯನ್ನೀಯುವ ಫಾಸ್ಫೋಕ್ರಿಯಾಟಿನ್ ಮತ್ತು ಎ.ಟಿ.ಪಿ. ಎಂಬ ವಸ್ತುಗಳನ್ನೂ ಅವರಿಬ್ಬರು ಗುರುತಿಸಿದರು. ೧೯೩೦ರಲ್ಲಿ ಸುಬ್ಬರಾಯರಿಗೆ ಡಾಕ್ಟರೇಟ್ ಪದವಿಯು ಲಭಿಸಿತು. ಇಷ್ಟಾದರೂ ಹಾರ್ವರ್ಡಿನಲ್ಲಿ ಅವರಿಗೆ ಖಾಯಂ ಸ್ಥಾನವು ದೊರೆಯಲಿಲ್ಲ. ೧೯೪೦ರಲ್ಲಿ ಅವರು ನ್ಯೂಯಾರ್ಕ್ ಸಂಸ್ಥಾನದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲೆ ಪ್ರಯೋಗಾಲಯವನ್ನು ಸೇರಿದರು.

ಇದಕ್ಕೆ ಹತ್ತು ವರ್ಷಗಳಷ್ಟು ಹಿಂದೆ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಮುಂಬಯಿಯ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಪರಿಶೀಲಿಸಿ, ಯೀಸ್ಟಿನ ಸಾರದಿಂದ ಅದು ಗುಣವಾಗುವುದನ್ನು ಕಂಡಿದ್ದರು. ಆ ಸಾರದಲ್ಲಿ ಅಡಗಿದ್ದ ಜೀವಸತ್ವವೇ ಫೋಲಿಕ್ ಆಮ್ಲ. ೧೯೪೫ರಲ್ಲಿ ಸುಬ್ಬರಾಯರ ತಂಡವು ಈ ಆಮ್ಲವನ್ನು ಪ್ರಯೋಗಾಲಯದಲ್ಲಿಯೇ ತಯಾರಿಸಿತು. ಸ್ಪ್ರೂ ರೋಗಿಗಳು ಅದರಿಂದ ಚೇತರಿಸಿಕೊಂಡರು. ಸೋದರರನ್ನು ಕಸಿದುಕೊಂಡ ರೋಗಕ್ಕೆ ಸುಬ್ಬರಾಯರು ಹೀಗೆ ಮದ್ದನ್ನು ಒದಗಿಸಿದರು.

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿದ್ದ ಡಾಕ್ಟರ್ ಸಿಡ್ನಿ ಫಾರ್ಬರ್ ಅವರು ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿಗೆ ತುತ್ತಾದ ಮಕ್ಕಳಿಗೆ ಫೋಲಿಕ್ ಆಮ್ಲದ ಜಾತಿಯ ವಸ್ತುಗಳನ್ನು ಕೊಟ್ಟು ನೋಡಿದರು. ರೋಗವು ತಗ್ಗುವುದರ ಬದಲು ಉಲ್ಬಣಿಸಿತು. ಈ ಜೀವಸತ್ವವು ಕ್ಯಾನ್ಸರ್ ಕಣಗಳಿಗೂ ಆಹಾರವಾದರೆ, ಆ ಆಹಾರವನ್ನು ತಡೆದರೆ ರೋಗವು ಬಾಡಬೇಕಲ್ಲವೆ? ಸುಬ್ಬರಾಯರ ತಂಡದವರು ಫೋಲಿಕ್ ಆಮ್ಲವನ್ನೇ ಹೋಲುವ, ಆದರೆ ಅದರ ಕಾರ್ಯಕ್ಕೆ ಅಡ್ಡಿಯೊಡ್ಡುವ ಅಮಿನಾಪ್ಟೆರಿನ್ ಎಂಬ ವಸ್ತುವನ್ನು ಸಿದ್ಧಪಡಿಸಿ ಕಳುಹಿಸಿದರು. ಅದನ್ನು ಪಡೆದ ೧೬ ಮಕ್ಕಳಲ್ಲಿ ೧೦ ಮಂದಿ ಚೇತರಿಸಿಕೊಂಡರೆಂದು ೧೯೪೮ರ ಜೂನ್ ತಿಂಗಳಲ್ಲಿ ಫಾರ್ಬರ್ ಅವರು ಪ್ರಕಟಿಸಿದರು. ಹಾಸಿಗೆ ಹಿಡಿದಿದ್ದ ಮಕ್ಕಳು ಎದ್ದು ಆಡತೊಡಗಿದರು. ಆದರೆ ಈ ಚೇತರಿಕೆಯು ತಾತ್ಕಾಲಿಕವಾಗಿದ್ದಿತು. ರೋಗವು ಮತ್ತೆ ಮರಳಿ ಬರುತ್ತಿತ್ತು.

ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ, ಐವತ್ತಮೂರು ವರ್ಷ ವಯಸ್ಸಿನ ಸುಬ್ಬರಾಯರು ಹೃದಯಾಘಾತದಿಂದ ಅಕಾಲಮರಣವನ್ನು ಹೊಂದಿದರು. ತಾಯ್ನಾಡಿಗೆ ಮರಳುವ ಭಾಗ್ಯವು ಅವರಿಗೆ ಒದಗಲಿಲ್ಲ.

ಅವರು ತೆರೆದ ಮಾರ್ಗ ಮಾತ್ರ ಮುಚ್ಚಲಿಲ್ಲ. ಅಮಿನಾಪ್ಟೆರಿನ್ನಿನ ಸೋದರವಸ್ತುವಾದ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ. ಕ್ಯಾನ್ಸರ್ ಕಣದ ಆಹಾರವನ್ನು ತಪ್ಪಿಸುವ ಇನ್ನೊಂದು ಉಪಾಯವು ಸೂಕ್ಷ್ಮಜೀವಿಗಳಿಂದ ದೊರೆಯಿತು. ೧೯೫೩ರಲ್ಲಿ ಜಾನ್ ಕಿಡ್ ಎಂಬವರು, ಗಿನಿಯಿಲಿಯ ರಕ್ತರಸದಿಂದ ಇಲಿಗಳ ಕೆಲವು ಕ್ಯಾನ್ಸರ್ ಗಡ್ಡೆಗಳು ಕರಗುವುದನ್ನು ಕಂಡರು. ಅದಕ್ಕೆ ಕಾರಣ ಅಸ್ಪರಾಜಿನೇಸ್ ಎಂಬ ಕಿಣ್ವವೆಂದು ಮುಂದೆ ತಿಳಿದುಬಂದಿತು. ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೋಲಿ ಬ್ಯಾಕ್ಟೀರಿಯದಲ್ಲಿಯೂ ಈ ಕಿಣ್ವವುಂಟು. ಅದರಿಂದ ತೆಗೆದ ಕಿಣ್ವವೂ ಗಡ್ಡೆಗಳನ್ನು ಕರಗಿಸುವುದೆಂದು ೧೯೬೪ರಲ್ಲಿ ಸಿದ್ಧವಾಯಿತು. ನಮ್ಮ ದೇಹದ ಆರೋಗ್ಯವಂತ ಕಣಗಳು ಅಸ್ಪರಾಜಿನ್ ಎಂಬ ಆಹಾರಾಂಶವನ್ನು ತಾವೇ ತಯಾರಿಸಿಕೊಳ್ಳಬಲ್ಲವು. ಲ್ಯುಕೇಮಿಯಾ ಕಣಗಳಲ್ಲಿ ಹಲವಕ್ಕೆ ಆ ಸಾಮರ್ಥ್ಯವು ಸಾಲದು, ಅವು ರಕ್ತದಲ್ಲಿ ದೊರೆಯುವುದನ್ನೇ ನೆಚ್ಚಿರುತ್ತವೆ. ಕಿಣ್ವವು ರಕ್ತದಲ್ಲಿರುವ ಅಸ್ಪರಾಜಿನನ್ನು ಒಡೆದುಹಾಕಿದಾಗ ರೋಗದ ಕಣಗಳು ಉಪವಾಸದಿಂದ ನಾಶವಾಗುತ್ತವೆ.

ಇಂತಹ ಹಲವು ಔಷಧಗಳನ್ನು ಜೊತೆಗೂಡಿಸಿ ಕೊಡುವುದರಿಂದ, ಉತ್ತಮ ಚಿಕಿತ್ಸೆ ದೊರೆಯುವ ದೇಶಗಳಲ್ಲಿ ಮಕ್ಕಳಿಗೆ ಸಾಮಾನ್ಯವಾಗಿ ಬರುವ ಲ್ಯುಕೇಮಿಯಾದಿಂದ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಇಂದು ಬದುಕಿ ಉಳಿಯುತ್ತಾರೆ. ೧೯೪೭ಕ್ಕೆ ಮೊದಲು ಆ ರೋಗವೆಂದರೆ ಕೆಲವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಒದಗುವ ಮರಣವೇ ಆಗಿದ್ದಿತು.

ಸುಬ್ಬರಾಯರು ಜನಿಸಿ ನೂರು ವರ್ಷಗಳಾದ ೧೯೯೫ರಲ್ಲಿ ಭಾರತ ಸರಕಾರವು ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. ಆದರೆ ಅವರ ನಿಜವಾದ ಸ್ಮಾರಕವು ರೋಗದಿಂದ ಪಾರಾಗಿ ಮತ್ತೆ ಶಾಲೆಗೆ ಬರುವ ಮಕ್ಕಳಲ್ಲಿದೆ. ಪರೀಕ್ಷೆಯಲ್ಲಿ ಸೋತಾಗ ನಿರಾಶರಾಗುವ ವಿದ್ಯಾರ್ಥಿಗಳು ಇವರ ಬಾಳನ್ನು ನೆನೆಯಲಿ. ಎರಡು ಸಲ ಅನುತ್ತೀರ್ಣನಾದ ಹುಡುಗನು ಮೂರನೆಯ ಸಲ ಪರೀಕ್ಷೆಗೆ ಕುಳಿತುದರ ಫಲವನ್ನು ಇಂದು ಲೋಕವೇ ಉಣ್ಣುತ್ತಿದೆ.