ಬಿದಿರು ಗಳ ಹಿಡಿದು ಹದಿನೈದು ಅಡಿ

ಪೋಲ್ ವಾಲ್ಟ್ ಅಂದ ತಕ್ಷಣ ನಮ್ಮ ಕಣ್ಮುಂದೆ ಬರೋದು ಬಿಲ್ಲಿನ ಹಾಗೆ ಬಾಗಿ ಆಟಗಾರನನ್ನು ಮೇಲಕ್ಕೆ ಚಿಮ್ಮಿಸುವ ಫೈಬರ್‌ಗ್ಲಾಸ್ ಗಳ. ಈಗ ಆರು ಮೀಟರ್ ದಾಟೋರೂ ಇದ್ದಾರೆ. ಆದ್ರೆ ಗಳ ಹೀಗೆ ಬಾಗದೇ ಇದ್ದ ಕಾಲವೊಂದಿತ್ತು. ಆಗ ಎತ್ತರಕ್ಕೆ ಹೋಗಬೇಕಾದ್ರೆ ಓಟ ಬೇಕು, ತೋಳು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಕಾಲು ಯಾವಾಗ ಏನು ಮಾಡಬೇಕು ಅನ್ನೋದು ಗೊತ್ತಿರಬೇಕು. ಆ ಕಾಲದ ದೊರೆ ಕಾರ್ನೆಲಿಯಸ್ ವಾರ್ಮರ್ಡ್ಯಾಮ್. ತಂದೆ ತಾಯಿ ಹಾಲೆಂಡಿನಿಂದ ವಲಸೆ ಬಂದವರಾದ್ದರಿಂದ ಎಲ್ಲರೂ ಅವರನ್ನು ಕರೆದದ್ದು 'ಡಚ್' ಅಂತ.

1915ರ ಜೂನ್ 22ರಂದು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಹುಟ್ಟಿದ ಡಚ್ ಬೆಳೆದದ್ದು ಹ್ಯಾನ್‌ಫರ್ಡ್ ಊರಿನ ಹತ್ತಿರದ ಹೊಲದಲ್ಲಿ. ಕ್ರೀಡಾಂಗಣ ಇಲ್ಲ, ಕೋಚ್ ಇಲ್ಲ. ಅಪ್ಪನ ಪಾಲಕ್ ಸೊಪ್ಪಿನ ಹೊಲವೇ ಅಭ್ಯಾಸದ ಜಾಗ. ಆ ದಾರಿಯಲ್ಲಿ ಹೋಗ್ತಿದ್ದ ಒಬ್ಬ ಸೇಲ್ಸ್‌ಮನ್ ಈ ಹುಡುಗ ಹಾರೋದನ್ನ ನೋಡಿ ಫ್ರೆಸ್ನೋ ಸ್ಟೇಟ್ ಕಾಲೇಜಿನ ಕೋಚ್‌ಗೆ ಸುದ್ದಿ ಮುಟ್ಟಿಸಿದನಂತೆ. ಹಾಗೆ ಸೊಪ್ಪಿನ ಮಡಿಯಿಂದ ಕಾಲೇಜಿನ ಟ್ರ್ಯಾಕ್‌ಗೆ ಬಂದರು.

ಈಗ ಸ್ವಲ್ಪ ಮೆಕ್ಯಾನಿಕ್ಸ್. ಬೇಸರ ಮಾಡ್ಕೋಬೇಡಿ, ಮೊದಲ ವರ್ಷದ ಪಾಠವೇ ಸಾಕು. ಓಟಗಾರನ ವೇಗ ಸೆಕೆಂಡಿಗೆ 9 ಮೀಟರ್ ಅಂತ ಹಿಡಿಯೋಣ. ಅಷ್ಟೂ ಚಲನಶಕ್ತಿ ಎತ್ತರವಾಗಿ ಬದಲಾದ್ರೆ ಗುರುತ್ವ ಕೇಂದ್ರ ಸುಮಾರು 4.1 ಮೀಟರ್ ಏರಬೇಕು. ನೆಲದಿಂದ ಮೊದಲೇ ಸುಮಾರು ಒಂದು ಮೀಟರ್ ಮೇಲಿರುತ್ತೆ. ಒಟ್ಟು 5.1. ಆದ್ರೆ ಗಟ್ಟಿ ಗಳ ಪೆಟ್ಟಿಗೆಗೆ ಬಡಿದಾಗ ಒಂದು ಜೋರು ಧಕ್ಕೆ, ಅಲ್ಲೇ ಶಕ್ತಿ ಸೋರಿಹೋಗುತ್ತೆ. ಆ ಸೋರಿಕೆಯನ್ನ ಎಷ್ಟು ಕಡಿಮೆ ಮಾಡ್ತೀವಿ ಅನ್ನೋದರಲ್ಲೇ ಆಟ.

ಬಲಗೈ ಮೇಲಿಟ್ಟು ಗಳ ಹಿಡಿಯುವವರು ಎಡಗಾಲಿನಿಂದ ಚಿಮ್ಮುತ್ತಾರೆ. ಆ ಎಡಪಾದ ಬಲಗೈಯ ನೇರ ಕೆಳಗೆ ಬೀಳಬೇಕು. ಒಂದು ಅಡಿ ಮುಂದೆ ಬಿತ್ತೋ, ಗಳವೇ ತೋಳನ್ನು ಹಿಂದಕ್ಕೆ ಜಗ್ಗುತ್ತೆ, ಓಟದ ವೇಗ ಅಲ್ಲೇ ಸಾಯುತ್ತೆ. ಅದೇ ಹೊತ್ತಿಗೆ ಬಲ ಮಂಡಿ ಮುಂದಕ್ಕೂ ಮೇಲಕ್ಕೂ ನುಗ್ಗಬೇಕು. ಚಿಮ್ಮಿದ ಎಡಗಾಲು ಮಾತ್ರ ಹಿಂದೆ ಉದ್ದಕ್ಕೆ ಉಳೀಬೇಕು.

ಹೊಸಬರು ತಪ್ಪೋದು ಇಲ್ಲೇ. ನೆಲ ಬಿಟ್ಟ ತಕ್ಷಣ ಎರಡೂ ಮಂಡಿ ಮಡಚಿ ಮೇಲೇರೋ ಆತುರ. ಇಲ್ಲಿ ಎರಡು ಲೋಲಕಗಳಿವೆ ಅನ್ನೋದನ್ನ ಗಮನಿಸಿ. ಪೆಟ್ಟಿಗೆಯ ಸುತ್ತ ತಿರುಗುವ ಗಳ ಒಂದು, ಕೈಯಿಂದ ಜೋತುಬಿದ್ದ ದೇಹ ಇನ್ನೊಂದು. ದೇಹ ಉದ್ದಕ್ಕೆ ಕೆಳಗೆ ಜೋತಿರುವಷ್ಟು ಹೊತ್ತು ಭಾರ ಪೆಟ್ಟಿಗೆಗೆ ಹತ್ತಿರ ಇರುತ್ತೆ, ಮೊಮೆಂಟ್ ಆಫ್ ಇನರ್ಷಿಯಾ ಕಡಿಮೆ, ಗಳ ಸಲೀಸಾಗಿ ನೆಟ್ಟಗಾಗುತ್ತೆ. ಕಾಲನ್ನ ಬೇಗ ಎತ್ತಿದರೆ ಭಾರ ಮೇಲಕ್ಕೆ ಹೋಗಿ ಗಳ ಅರ್ಧದಲ್ಲೇ ನಿಲ್ಲುತ್ತೆ, ಆಟಗಾರ ಓಡಿ ಬಂದ ಕಡೆಗೇ ವಾಪಸ್ ಬೀಳ್ತಾನೆ. ತಡ ಮಾಡಿದರೂ ಕಷ್ಟ, ಗಳ ನೆಟ್ಟಗಾಗೋ ಹೊತ್ತಿಗೆ ಕಾಲು ಇನ್ನೂ ಕೆಳಗೇ ಇರುತ್ತೆ. ಆದ್ದರಿಂದ ಮೊದಲು ಜೋತು ಬೀಳಬೇಕು, ಆಮೇಲೆ ಎಡಗಾಲನ್ನ ನೇರವಾಗಿ ಚಾಟಿಯಂತೆ ಬೀಸಬೇಕು, ಕೊನೆಗೆ ಸೊಂಟ ಮೇಲೆತ್ತಿ, ಕಾಲು ಆಕಾಶಕ್ಕೆ ಚಾಚಿ, ತೋಳಿನಿಂದ ಎಳೆದು, ಮಗುಚಿ ಪಟ್ಟಿ ದಾಟಬೇಕು. ಫೈಬರ್ ಗಳ ಬಾಗಿ ಧಕ್ಕೆಯನ್ನ ನುಂಗಿ ಆಟಗಾರನಿಗೆ ಸ್ವಲ್ಪ ಸಮಯ ಕೊಡುತ್ತೆ. ಬಿದಿರು ಅಂಥ ದಯೆ ತೋರಿಸೋದಿಲ್ಲ. ಸಾಲದ್ದಕ್ಕೆ ಇಳಿಯೋ ಜಾಗದಲ್ಲಿ ಫೋಮ್ ಹಾಸಿಗೆ ಇರಲಿಲ್ಲ. ಮರಳು, ಇಲ್ಲವೇ ಮರದ ಹೊಟ್ಟು. ಪಟ್ಟಿ ದಾಟಿದ ಮೇಲೂ ಕಾಲೇ ಕಾಪಾಡಬೇಕು.

ಹದಿನೈದು ಅಡಿ, ಅಂದ್ರೆ 4.57 ಮೀಟರ್, ಮನುಷ್ಯನಿಗೆ ಮೀರಿದ ಗೋಡೆ ಅಂತ ಆಗ ಅನೇಕರು ನಂಬಿದ್ದರು. 1937ರಲ್ಲಿ ಬಿಲ್ ಸೆಫ್ಟನ್, ಅರ್ಲ್ ಮೆಡೋಸ್ ಇಬ್ಬರೂ 4.54ರ ತನಕ ಬಂದು ನಿಂತಿದ್ದರು. 1940ರ ಏಪ್ರಿಲ್ 13ರಂದು ಬರ್ಕ್ಲಿಯಲ್ಲಿ ಡಚ್ ಆ ಗೋಡೆ ದಾಟಿದರು. ಅದೇ ಜೂನ್‌ನಲ್ಲಿ 4.60, ಮರುವರ್ಷ 4.72, 1942ರ ಮೇ 23ರಂದು ಮೊಡೆಸ್ಟೋದಲ್ಲಿ 4.77. ಆ ವರ್ಷ ಅಮೆರಿಕದ ಸಲಿವನ್ ಪ್ರಶಸ್ತಿಯೂ ಬಂತು. 1943ರಲ್ಲಿ ಶಿಕಾಗೋದ ಒಳಾಂಗಣದಲ್ಲಿ 4.79.

ಆದ್ರೆ ಒಲಿಂಪಿಕ್ಸ್? ಅವರು ಉತ್ತುಂಗದಲ್ಲಿದ್ದಾಗ ಬರಬೇಕಿದ್ದ 1940, 1944ರ ಎರಡೂ ಕೂಟಗಳನ್ನ ಮಹಾಯುದ್ಧ ನುಂಗಿಹಾಕಿತು. ಅವರೂ ನೌಕಾಪಡೆ ಸೇರಿದರು. 1948ರ ಹೊತ್ತಿಗೆ ಅವರು ಕೋಚ್. ಸಂಬಳ ತಗೊಳ್ಳೋ ಕೋಚ್‌ಗೆ ಆ ಕಾಲದ ಅಮೆಚೂರ್ ನಿಯಮದಲ್ಲಿ ಜಾಗ ಇರಲಿಲ್ಲ. 1948ರಲ್ಲಿ ಚಿನ್ನ ಸಿಕ್ಕಿದ್ದು 4.30ಕ್ಕೆ, 1952ರಲ್ಲಿ 4.55ಕ್ಕೆ, 1956ರಲ್ಲಿ 4.56ಕ್ಕೆ. ಮೂರೂ ಡಚ್ 1940ರಲ್ಲೇ ದಾಟಿದ್ದ ಎತ್ತರಕ್ಕಿಂತ ಕಡಿಮೆ! ಅವರ ಕೊರಳಿಗೆ ಒಂದು ಪದಕವೂ ಬೀಳಲಿಲ್ಲ.

ಇನ್ನೊಂದು ಲೆಕ್ಕ ಕೇಳಿ. ಡಚ್ ತಮ್ಮ ಜೀವನದಲ್ಲಿ ಹದಿನೈದು ಅಡಿ ದಾಟಿದ್ದು 43 ಸಲ. ಅಷ್ಟೂ ಸಲ ಮುಗಿಯುವ ತನಕ ಜಗತ್ತಿನಲ್ಲಿ ಬೇರೆ ಯಾರೂ ಒಂದು ಸಲವೂ ದಾಟಿರಲಿಲ್ಲ. ಎರಡನೆಯವರಾಗಿ ಬಾಬ್ ರಿಚರ್ಡ್ಸ್ ದಾಟಿದ್ದು 1951ರಲ್ಲಿ. 4.77ರ ದಾಖಲೆ ಮುರಿಯಲು 1957 ಬರಬೇಕಾಯ್ತು. ಆಗ ಬಾಬ್ ಗುಟೋವ್‌ಸ್ಕಿ ಹಾರಿದ್ದು 4.78, ಅದೂ ಲೋಹದ ಗಳ ಹಿಡಿದು. 1961ರಿಂದ ಫೈಬರ್‌ಗ್ಲಾಸ್ ಯುಗ ಶುರುವಾಗಿ ಎತ್ತರಗಳ ಲೆಕ್ಕವೇ ಬದಲಾಯ್ತು.

ಡಚ್ ಮಾತ್ರ ತಾವು ಓದಿದ ಫ್ರೆಸ್ನೋ ಸ್ಟೇಟ್‌ನಲ್ಲೇ 1980ರವರೆಗೆ ಹುಡುಗರಿಗೆ ಕಲಿಸುತ್ತಾ ಉಳಿದರು. ಅಲ್ಲಿನ ಕ್ರೀಡಾಂಗಣಕ್ಕೆ ಈಗ ಅವರದೇ ಹೆಸರು. 2001ರ ನವೆಂಬರ್ 13ರಂದು, 86ನೇ ವಯಸ್ಸಿನಲ್ಲಿ, ಫ್ರೆಸ್ನೋದಲ್ಲಿ ತೀರಿಕೊಂಡರು.

ನಾವು ಲ್ಯಾಬ್‌ನಲ್ಲಿ ಉಪಕರಣ ಹಳೇದು ಅಂತ ಗೊಣಗುವಾಗೆಲ್ಲ ಸೊಪ್ಪಿನ ಹೊಲದ ಈ ಹುಡುಗ ನೆನಪಾಗ್ತಾರೆ. ಮುಂದಿನ ಸಲ ಟಿವಿಯಲ್ಲಿ ಪೋಲ್ ವಾಲ್ಟ್ ಬಂದರೆ ಗಳ ಬಾಗೋದನ್ನ ನೋಡಬೇಡಿ. ಹಿಂದೆ ಉಳಿದ ಆ ಎಡಗಾಲು ಯಾವ ಗಳಿಗೆಗೆ ಬೀಸುತ್ತೆ, ಅದನ್ನ ನೋಡಿ.